ಗಾಜಿನ ತಟ್ಟೆಯಲ್ಲಿ ಗೆದ್ದ ಗಿಡದ ಸತ್ವ ಹಡಗಿನ ತಳದಲ್ಲಿ ಸೋಲುವುದೇಕೆ?

ಬಾರ್ನಕಲ್ ಎಂಬ ಚಿಪ್ಪಿನ ಜೀವಿ, ಪಾಚಿಗಳು ಅಂಟದಿರಲೆಂದು ಎಲೆ, ತೊಗಟೆ, ಕಾಯಿಗಳ ಸಾರವನ್ನು ಹಡಗಿನ ತಳದ ಪೇಂಟಿಗೆ ಬೆರೆಸುವ ಪ್ರಯೋಗಗಳು ಬಹುಪಾಲು ಎಡವುವುದು ಜೀವಶಾಸ್ತ್ರದಲ್ಲಲ್ಲ, ಲೆಕ್ಕದಲ್ಲಿ. ಹಾಗಾಗಿ ಲೆಕ್ಕವನ್ನೇ ಮೊದಲು ಮಾಡಿಬಿಡೋಣ. ಒಣಗಿದ ಪದರ 100 ಮೈಕ್ರಾನ್ ದಪ್ಪ, ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 1.5 ಗ್ರಾಂ ಎಂದಿಟ್ಟುಕೊಳ್ಳಿ. ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಇರುವ ಪೇಂಟು 15 ಮಿಲಿಗ್ರಾಂ. ಅದರಲ್ಲಿ ಶೇ 5ರಷ್ಟು ಸಸ್ಯಸತ್ವ ಅಂದರೆ 750 ಮೈಕ್ರೊಗ್ರಾಂ. ದಿನಕ್ಕೆ 10 ಮೈಕ್ರೊಗ್ರಾಂ ಕರಗಿದರೂ 75 ದಿನಕ್ಕೆ ಖಜಾನೆ ಬರಿದು.

ತಾಮ್ರದ ಪೇಂಟಿನದು ಬೇರೆಯೇ ಕಥೆ. ಅದು ಭಾರ, ಸಾಂದ್ರತೆ 2 ಎಂದು ಹಿಡಿದರೆ ಅಷ್ಟೇ ಜಾಗದಲ್ಲಿ 20 ಮಿಲಿಗ್ರಾಂ, ಅದರಲ್ಲಿ ಅರ್ಧ ಕ್ಯೂಪ್ರಸ್ ಆಕ್ಸೈಡ್. ಲೋಹದ ಲೆಕ್ಕದಲ್ಲಿ ಸುಮಾರು 8.9 ಮಿಲಿಗ್ರಾಂ ತಾಮ್ರ. ಅದೇ 10 ಮೈಕ್ರೊಗ್ರಾಂ ದರದಲ್ಲಿ 890 ದಿನ ಬಾಳುತ್ತದೆ. ಈ 10 ಮೈಕ್ರೊಗ್ರಾಂ ಎಂಬುದು ಬಾರ್ನಕಲ್ ಅಂಟದಿರಲು ದಿನಕ್ಕೆ ಇಷ್ಟಾದರೂ ತಾಮ್ರ ಹೊರಬರಬೇಕು ಎಂದು ಈ ಕ್ಷೇತ್ರದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ. ಆದ್ದರಿಂದ ಗಿಡದ ಸತ್ವ ಎಷ್ಟು ಪ್ರಬಲ ಎಂದು ಕೇಳುವ ಮೊದಲು ಅದು ಎಷ್ಟು ನಿಧಾನವಾಗಿ ಕರಗುತ್ತದೆ ಎಂದು ಕೇಳಬೇಕು.

ಈ ಹುಡುಕಾಟಕ್ಕೆ ಕಾರಣ ಗೊತ್ತೇ ಇದೆ. ಹಿಂದೆ ಹಡಗಿನ ತಳದ ಪೇಂಟಿಗೆ ಬೆರೆಸುತ್ತಿದ್ದ ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತ ಲೀಟರಿಗೆ ಒಂದೆರಡು ನ್ಯಾನೊಗ್ರಾಂ ಇದ್ದರೂ ಕೆಲವು ಕಡಲ ಬಸವನಹುಳುಗಳಲ್ಲಿ ಹೆಣ್ಣಿಗೆ ಗಂಡಿನ ಅಂಗ ಬೆಳೆಯುತ್ತಿತ್ತು. ಅದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಒಪ್ಪಂದ 2001ರಲ್ಲಿ ಅಂಗೀಕಾರವಾಗಿ 2008ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. 2023ರಿಂದ ಸಿಬ್ಯುಟ್ರಿನ್ ಎಂಬ ಪಾಚಿನಾಶಕಕ್ಕೂ ಅದೇ ಒಪ್ಪಂದದಡಿ ಕಡಿವಾಣ ಬಿದ್ದಿದೆ. ತಾಮ್ರದ ಮೇಲೂ ಹಲವೆಡೆ ಕಣ್ಣು ಬಿದ್ದಿದೆ.

ಇನ್ನು ಗಿಡಗಳ ಪಟ್ಟಿ. ಈಲ್‌ಗ್ರಾಸ್ ಎಂಬ ಕಡಲಹುಲ್ಲಿನ ಜಾಸ್ಟೆರಿಕ್ ಆಮ್ಲ ಅಂಟುವಿಕೆಯನ್ನು ಚೆನ್ನಾಗಿಯೇ ತಡೆಯುತ್ತದೆ, ಆದರೆ ನೀರಿನಲ್ಲಿ ಸಲೀಸಾಗಿ ಕರಗುವುದರಿಂದ ಪದರದಿಂದ ಬೇಗ ಸೋರಿಹೋಗುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನೀರಿಗೆ ಸುಲಭವಾಗಿ ಇಳಿಯುವುದಿಲ್ಲ, ಅದೇ ಅದರ ಬಲ. ಆದರೆ ಶುದ್ಧ ಹರಳಿನ ಬದಲು ಒಲಿಯೊರೆಸಿನ್ ಎಂಬ ಎಣ್ಣೆ-ರಾಳದ ಕಚ್ಚಾ ಸಾರ ಸುರಿದರೆ ಜೊತೆಗೆ ಬಂದ ಎಣ್ಣೆ ಪದರವನ್ನು ಮೆತ್ತಗಾಗಿಸುತ್ತದೆ. ಪುಡಿ ಮಾಡುವಾಗ ಮಾಸ್ಕ್, ಕನ್ನಡಕ ಇಲ್ಲದಿದ್ದರೆ ಆ ಕೋಣೆಯಲ್ಲಿ ಯಾರೂ ನಿಲ್ಲಲಾರರು. ಕ್ಯಾಂಪ್ಟೊಥೆಸಿನ್ ಕೂಡ ಗಿಡದ್ದೇ, ಬಾರ್ನಕಲ್ ವಿರುದ್ಧ ಕೆಲಸವನ್ನೂ ಮಾಡುತ್ತದೆ. ಆದರೆ ಕ್ಯಾನ್ಸರ್ ಔಷಧಗಳ ಮೂಲವಾದ, ಜೀವಕೋಶವನ್ನು ಕೊಲ್ಲುವ ವಸ್ತುವನ್ನು ‘ಸಸ್ಯಜನ್ಯ’ ಎಂಬ ಒಂದೇ ಕಾರಣಕ್ಕೆ ಪರಿಸರಸ್ನೇಹಿ ಎಂದು ಕರೆಯುವುದು ನನಗಂತೂ ಒಪ್ಪಿಗೆಯಿಲ್ಲ.

ಕೊಲ್ಲುವುದಕ್ಕೂ ಅಂಟದಂತೆ ಮಾಡುವುದಕ್ಕೂ ಇರುವ ಅಂತರವನ್ನು ಅಳೆಯಬಹುದು. ಬಾರ್ನಕಲ್‌ನ ಸಿಪ್ರಿಡ್ ಲಾರ್ವ, ಅಂದರೆ ಅಂಟುವ ಹಂತದ ಮರಿ, ತಿನ್ನುವುದೇ ಇಲ್ಲ; ಜಾಗ ಹುಡುಕಿ ಅಂಟಿಕೊಳ್ಳುವುದೊಂದೇ ಅದರ ಕೆಲಸ. 24 ಗುಳಿಗಳ ತಟ್ಟೆಯಲ್ಲಿ ಗುಳಿಗೆ 1ರಿಂದ 2 ಮಿ.ಲೀ. ಸೋಸಿದ ಕಡಲನೀರು, 15–20 ಸಿಪ್ರಿಡ್, 24ರಿಂದ 48 ಗಂಟೆ. ಅರ್ಧದಷ್ಟು ಅಂಟದಿರಲು ಬೇಕಾದ ಪ್ರಮಾಣ ಒಂದು ಸಂಖ್ಯೆ, ಅರ್ಧದಷ್ಟು ಸಾಯಲು ಬೇಕಾದದ್ದು ಇನ್ನೊಂದು. ಎರಡನೆಯದು ಮೊದಲನೆಯದರ 15 ಪಟ್ಟಿಗಿಂತ ಹೆಚ್ಚಿದ್ದರೆ ಆ ವಸ್ತು ವಿಷಕ್ಕಿಂತ ವಿಕರ್ಷಕವಾಗಿ ಕೆಲಸ ಮಾಡುತ್ತಿದೆ ಎನ್ನುವುದು ರೂಢಿ. 50 ಪಟ್ಟು ಬೇಕು ಎನ್ನುವ ಕಟ್ಟುನಿಟ್ಟಿನವರೂ ಇದ್ದಾರೆ. ಸಾರವನ್ನು ಕರಗಿಸಿದ ದ್ರಾವಕವನ್ನಷ್ಟೇ ಹಾಕಿದ ಗುಳಿಗಳು ಇಲ್ಲದಿದ್ದರೆ ಈ ಎರಡೂ ಸಂಖ್ಯೆಗಳಿಗೆ ಬೆಲೆಯಿಲ್ಲ.

ಕರಗುವ ವೇಗವನ್ನು ಕಟ್ಟಿಹಾಕುವುದು ಹೇಗೆ ಎಂಬುದಕ್ಕೆ ನನ್ನ ಮೆಚ್ಚಿನ ಉದಾಹರಣೆ ಟ್ಯಾನಿನ್ ಎಂಬ ಒಗರಿನ ವಸ್ತು. ತೊಗಟೆಯ ಟ್ಯಾನಿನ್ ಬಿಡಿಯಾಗಿದ್ದರೆ ನೀರು ಮುಟ್ಟಿದೊಡನೆ ಓಡಿಹೋಗುತ್ತದೆ. ಅದನ್ನು ಲೋಹದೊಂದಿಗೆ ಕಟ್ಟಿ ಟ್ಯಾನೇಟ್ ಮಾಡಬೇಕು. 100 ಮಿ.ಲೀ. ನೀರಿಗೆ 5 ಗ್ರಾಂ ಟ್ಯಾನಿನ್ ಕರಗಿಸಿ, ಸೋಸಿ, ಕಲಕುತ್ತಲೇ 0.5 ಮೋಲಾರ್ ಅಲ್ಯುಮಿನಿಯಂ ನೈಟ್ರೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡಿ. ತೆಳು ಕಾಸ್ಟಿಕ್ ಸೋಡಾ ಹಾಕಿ ಪಿಎಚ್ ಅನ್ನು 4ರ ಆಸುಪಾಸಿನಲ್ಲಿ ನಿಲ್ಲಿಸಿ, ಗಸಿ ಕೂರತೊಡಗುತ್ತದೆ. ಕೈ ಜಾರಿ ಪಿಎಚ್ ಏರಿತೋ, ಅಲ್ಯುಮಿನಿಯಂ ಹೈಡ್ರಾಕ್ಸೈಡ್ ತಾನೇ ಬೇರೆಯಾಗಿ ಕೂರುತ್ತದೆ, ಟ್ಯಾನಿನ್ ಗಾಳಿಗೆ ಕೆಟ್ಟು ಕಪ್ಪಾಗುತ್ತದೆ. ತೊಳೆದ ನೀರಿಗೆ ಬಣ್ಣ ಬಾರದಾಗುವವರೆಗೆ ಗಸಿಯನ್ನು ಶುದ್ಧ ನೀರಿನಲ್ಲಿ ತೊಳೆದು, 40 ಡಿಗ್ರಿಯಲ್ಲಿ ಒಣಗಿಸಿ, ಅರೆಯಿರಿ. ತೊಳೆಯುವುದರಲ್ಲಿ ಸೋಮಾರಿತನ ಮಾಡಿದರೆ ಉಳಿದ ಉಪ್ಪು ಪದರದೊಳಗೆ ನೀರೆಳೆದು ಗುಳ್ಳೆ ಎಬ್ಬಿಸುತ್ತದೆ. ಪೇಂಟಿಗೆ ಹಾಕುವ ಮುನ್ನ ಒಂದು ಚಿಟಿಕೆ ಪುಡಿಯನ್ನು ಕಡಲನೀರಿಗೆ ಉದುರಿಸಿ ನೋಡಿ. ಗಂಟೆಯೊಳಗೆ ನೀರು ಕಂದು ಬಣ್ಣಕ್ಕೆ ತಿರುಗಿದರೆ ಟ್ಯಾನಿನ್ ಕಟ್ಟಿಕೊಂಡಿಲ್ಲ ಎಂದರ್ಥ.

ಪುಡಿಯನ್ನು ಹಿಡಿದಿಡುವ ಪೇಂಟಿನ ಬಂಧಕ ರೋಸಿನ್, ಅಂದರೆ ಪೈನ್ ಮರದ ರಾಳ. ಅದರ ಆಮ್ಲಗಳು ಪಿಎಚ್ 8.1ರ ಕಡಲನೀರಿನಲ್ಲಿ ಸೋಡಿಯಂ ಲವಣವಾಗಿ ನಿಧಾನಕ್ಕೆ ಕರಗುತ್ತಾ ಹೊಸ ಮೈ ತೆರೆಯುತ್ತವೆ. ಬರೀ ರೋಸಿನ್ ಇದ್ದರೆ ಗಾಜಿನಂತೆ ಬಿರಿಯುತ್ತದೆ; 5 ಭಾಗಕ್ಕೆ 1 ಭಾಗ ಓಲಿಯಿಕ್ ಆಮ್ಲ ಸೇರಿಸುವುದು ಒಳ್ಳೆಯ ಆರಂಭ. ಬಳಿದು ಒಣಗಿಸಿದ ಮೇಲೆ ವಾರಗಟ್ಟಲೆ ಕಪಾಟಿನಲ್ಲಿ ಇಡಬೇಡಿ. ರಾಳ ಗಾಳಿಗೆ ಆಕ್ಸಿಡೀಕರಣಗೊಂಡು ಮೇಲ್ಮೈ ಸತ್ತಂತಾಗುತ್ತದೆ, ಆಮೇಲೆ ಸಿಗುವ ಫಲಿತಾಂಶ ಗಿಡದ್ದಲ್ಲ, ಕಪಾಟಿನದು.

ರೋಸಿನ್ ಬದಲು ಆಲ್ಕಿಡ್ ಎಂಬ ಎಣ್ಣೆ ಮೂಲದ ಕೃತಕ ರಾಳ ಬಳಸಿದವರಿಗೆ ಇನ್ನೊಂದು ತೊಡಕು. ಲವಂಗದ ಯೂಜಿನಾಲ್‌ನಂಥ ಫೀನಾಲ್‌ಗಳು ಆಕ್ಸಿಡೀಕರಣ ತಡೆಯುವ ಗುಣದವು, ಆಲ್ಕಿಡ್ ಒಣಗುವುದೋ ಆಕ್ಸಿಡೀಕರಣದಿಂದಲೇ. ಹೀಗಾಗಿ ಪೇಂಟು ದಿನಗಟ್ಟಲೆ ಅಂಟಂಟಾಗಿ ಉಳಿಯುತ್ತದೆ. ಇಂಥ ಸತ್ವಗಳನ್ನು ಮೈಕ್ರೊಕ್ಯಾಪ್ಸೂಲಿನಲ್ಲಿ ತುಂಬಿ ಹಾಕುವುದು ಸರಿಯಾದ ದಾರಿ. ಆದರೆ ಕ್ಯಾಪ್ಸೂಲನ್ನು ವರ್ಣದ್ರವ್ಯದ ಜೊತೆ ಮಿಲ್ಲಿಗೆ ಹಾಕಿದರೆ ಗುಂಡುಗಳ ನಡುವೆ ಒಡೆದುಹೋಗುತ್ತದೆ. ಅರೆದು ಮುಗಿದ ಮೇಲೆ ನಿಧಾನ ಕಲಕಿನಲ್ಲಿ ಸೇರಿಸಬೇಕು. ಕಚ್ಚಾ ಸಾರದ ಸಕ್ಕರೆ, ಪ್ರೋಟೀನುಗಳು ಬ್ಯಾಕ್ಟೀರಿಯಾಗಳಿಗೆ ಮೇವು. ಅಂಟದಿರಲೆಂದು ಹಾಕಿದ ಪುಡಿ ಲೋಳೆಪದರವನ್ನೇ ಸಾಕುತ್ತದೆ. ಉಕ್ಕಿನ ಮೇಲಾದರೆ ಕೆಳಗೆ ಎಪಾಕ್ಸಿ ತಡೆಪದರ ಕಡ್ಡಾಯ, ಇಲ್ಲದಿದ್ದರೆ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಮಸಿಯಂತೆ ಕಪ್ಪು ಕಲೆ.

ಕೊನೆಗೆ ಕಡಲಿನ ಪರೀಕ್ಷೆ. ತೇಲುವ ತೆಪ್ಪದಿಂದ ಪೇಂಟು ಬಳಿದ ಹಲಗೆಗಳನ್ನು ಇಳಿಬಿಟ್ಟು, ಬಾರ್ನಕಲ್ ಹೆಚ್ಚು ಕೂರುವ ಋತುವೂ ಒಳಗೊಳ್ಳುವಂತೆ ತಿಂಗಳಿಗೊಮ್ಮೆ ಎತ್ತಿ ನೋಡಬೇಕು. ಅಂಚಿನ ಒಂದು ಸೆಂಟಿಮೀಟರ್ ಬಿಟ್ಟು ಎಣಿಸಿ, ಅಲ್ಲಿ ಪೇಂಟು ಯಾವಾಗಲೂ ತೆಳು. ಲೋಳೆ, ಪಾಚಿ, ಚಿಪ್ಪಿನ ಜೀವಿ ಇವನ್ನು ಬೇರೆಬೇರೆಯಾಗಿ ಬರೆದುಕೊಳ್ಳಿ, ಏಕೆಂದರೆ ಬಾರ್ನಕಲ್ ಓಡಿಸುವ ಸತ್ವಕ್ಕೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ಸೊಪ್ಪು ಹಾಕದಿರಬಹುದು. ಬಳಿಯದ ಪಿವಿಸಿ ಹಲಗೆಯೊಂದಿಗೆ ಹೋಲಿಸಿ ‘ಶೇ 80 ಕಡಿಮೆ’ ಎಂದು ಬರೆದುಬಿಡುವುದು ಸುಲಭ. ಜೊತೆಗೆ ಅದೇ ರೋಸಿನ್, ಪೇಂಟಿಗೆ ತುಂಬಲು ಹಾಕಿದ ಅದೇ ಸುಣ್ಣದ ಪುಡಿ, ಸತ್ವ ಮಾತ್ರ ಇಲ್ಲದ ಇನ್ನೊಂದು ಹಲಗೆ ತೂಗುತ್ತಿರಲೇಬೇಕು. ರೋಸಿನ್ ತಾನಾಗಿಯೇ ಮೈ ಕಳಚುವ ಬಂಧಕ, ಸತ್ವವಿಲ್ಲದೆಯೂ ಸ್ವಲ್ಪ ಕಾಲ ಶುಚಿಯಾಗಿಯೇ ಇರುತ್ತದೆ. ಮೂರನೆಯ ತಿಂಗಳಲ್ಲಿ ಈ ಎರಡು ಹಲಗೆಗಳೂ ಒಂದೇ ರೀತಿ ಕಂಡರೆ, ಕೆಲಸ ಮಾಡಿದ ಗಿಡ ಪೈನ್ ಮರವೇ ಹೊರತು ನೀವು ಸಾರ ತೆಗೆದದ್ದಲ್ಲ.