ಅಮ್ಮನ ಹುಳುಕು ಹಲ್ಲು ಮಗುವಿಗೂ ಅಂಟುತ್ತದಾ?

ಪ್ರಶ್ನೆ: ನನ್ನ ಎರಡು ದವಡೆ ಹಲ್ಲು ಹುಳುಕಾಗಿವೆ. ಈಗ ಎರಡು ವರ್ಷದ ಮಗನ ಮುಂದಿನ ಹಲ್ಲುಗಳೂ ಕಪ್ಪಾಗುತ್ತಿವೆ. "ನಿನ್ನಿಂದಲೇ ಬಂದದ್ದು" ಅಂತಾರೆ ಅತ್ತೆ. ಹೌದಾ?
- ಹಾವೇರಿಯ ಓದುಗರು

ಅತ್ತೆಯವರ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಅಷ್ಟಕ್ಕೇ ತಪ್ಪೆಲ್ಲ ನಿಮ್ಮದು ಅನ್ನುವುದು ಮಾತ್ರ ಸರಿಯಲ್ಲ.

ಹಲ್ಲು ತಿನ್ನುವುದು ಹುಳ ಅಲ್ಲ, ಬ್ಯಾಕ್ಟೀರಿಯಾ. ಅದರಲ್ಲಿ ಮುಖ್ಯವಾದದ್ದು ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್. ನಾವು ತಿಂದ ಸಕ್ಕರೆಯನ್ನು ಅದು ಆಮ್ಲ ಮಾಡುತ್ತದೆ, ಆ ಆಮ್ಲ ಹಲ್ಲನ್ನು ಕೊರೆಯುತ್ತದೆ. ಈ ಬ್ಯಾಕ್ಟೀರಿಯಾ ಮಗುವಿಗೆ ಹೆಚ್ಚಾಗಿ ಬರುವುದು ಮನೆಯವರ ಜೊಲ್ಲಿನಿಂದ. ಗಂಜಿ ಬಿಸಿ ಇದೆಯಾ ಅಂತ ಚಮಚ ತುಟಿಗೆ ಹಚ್ಚಿ ನೋಡುತ್ತೇವೆ. ರೊಟ್ಟಿ ತುಣುಕನ್ನು ಅಗಿದು, ಮೆತ್ತಗೆ ಮಾಡಿ ಬಾಯಿಗೆ ಇಡುತ್ತೇವೆ. ಪ್ರೀತಿಯಿಂದಲೇ ಮಾಡುವ ಕೆಲಸ, ಅಲ್ವಾ? ಹುಳುಕು ಹಾಗೇ ಬಿಟ್ಟವರ ಜೊಲ್ಲಿನಲ್ಲಿ ಈ ಬ್ಯಾಕ್ಟೀರಿಯಾ ಜಾಸ್ತಿ. ತಾಯಿ ದಿನವಿಡೀ ಮಗುವಿನ ಹತ್ತಿರ ಇರುತ್ತಾಳೆ, ಅದಕ್ಕೆ ಅವಳ ಹೆಸರು ಮೊದಲು ಬರುತ್ತದೆ. ಅಪ್ಪನಿಂದಲೂ ಬರಬಹುದು, ಅಜ್ಜಿಯಿಂದಲೂ ಬರಬಹುದು.

ಆದರೆ ಬ್ಯಾಕ್ಟೀರಿಯಾ ಒಂದೇ ಬಂದರೆ ಹಲ್ಲು ಹಾಳಾಗುವುದಿಲ್ಲ. ಅದಕ್ಕೆ ಸಕ್ಕರೆ ಬೇಕು, ಪದೇ ಪದೇ ಬೇಕು. ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲೇ ಇಟ್ಟುಕೊಂಡು ಮಗು ಮಲಗುತ್ತದೆಯಾ? ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು ಮೇಲಿನ ಮುಂದಿನ ಹಲ್ಲುಗಳ ಸುತ್ತ ನಿಂತುಬಿಡುತ್ತದೆ. ಕೆಳಗಿನ ಹಲ್ಲುಗಳಿಗೆ ನಾಲಿಗೆಯ ಮರೆ ಇರುತ್ತದೆ, ಅವು ಉಳಿದುಕೊಳ್ಳುತ್ತವೆ. ನಿಮ್ಮ ಮಗನಿಗೆ ಕಪ್ಪಾಗಿರುವುದು ಮೇಲಿನವೇ ಆದರೆ, ನನಗೆ ಮೊದಲು ಅನುಮಾನ ಬರುವುದು ರಾತ್ರಿಯ ಬಾಟಲಿಯ ಮೇಲೆ.

ಚಿಕ್ಕ ಮಕ್ಕಳಿರುವವರೆಲ್ಲ ಇವತ್ತೇ ಒಂದು ಕೆಲಸ ಮಾಡಿ. ಮಗುವನ್ನು ಬೆಳಕಿಗೆ ಮಲಗಿಸಿ, ಮೇಲಿನ ತುಟಿ ಎತ್ತಿ ನೋಡಿ. ವಸಡಿನ ಅಂಚಿಗೆ ಸುಣ್ಣ ಬಳಿದಂತೆ ಬಿಳಿ ಗೆರೆ ಕಂಡರೆ ಅದು ಹುಳುಕಿನ ಶುರು. ಆ ಹಂತದಲ್ಲಿ ಅದನ್ನು ತಡೆಯಬಹುದು. ದಿನಕ್ಕೆ ಎರಡು ಸಲ, ಅಕ್ಕಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಚ್ಚಿ ನೀವೇ ಉಜ್ಜಿ. ಗದಗ ಜಿಲ್ಲೆಯ ಮುಂಡರಗಿ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅಲ್ಲಿನವರು ಪೇಸ್ಟ್ ವಿಷಯ ವೈದ್ಯರನ್ನು ಕೇಳಿಕೊಳ್ಳಿ.

"ಹಾಲುಹಲ್ಲು ತಾನೇ, ಬಿದ್ದು ಹೋಗ್ತಾವೆ ಬಿಡು" ಅನ್ನುವವರ ಮಾತು ಕೇಳಬೇಡಿ. ಹಾಲಿನ ದವಡೆ ಹಲ್ಲು ಹತ್ತು-ಹನ್ನೆರಡು ವರ್ಷದವರೆಗೂ ಇರುತ್ತವೆ. ನೋವಿಗೆ ಮಗು ಊಟ ಬಿಡುತ್ತದೆ, ರಾತ್ರಿ ಅಳುತ್ತದೆ.

ಬಸುರಿಯರು ಹಲ್ಲಿನ ಚಿಕಿತ್ಸೆಗೆ ಹೆದರಬೇಕಿಲ್ಲ. ನಾಲ್ಕರಿಂದ ಆರನೇ ತಿಂಗಳು ಅದಕ್ಕೆ ಹೆಚ್ಚು ಅನುಕೂಲ. ಬಾಣಂತನದಲ್ಲಿ ಅಂಟಿನುಂಡಿ ತಿನ್ನಿ, ಆದರೆ ಹಲ್ಲುಜ್ಜುವುದನ್ನು ಬಿಡಬೇಡಿ.

ಅಂಗನವಾಡಿಗೆ ಬರುವ ಬಾಲ ಸ್ವಾಸ್ಥ್ಯ ತಂಡದವರು ಮಕ್ಕಳ ಹಲ್ಲನ್ನೂ ನೋಡುತ್ತಾರೆ, ತೋರಿಸಿ. ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನಲ್ಲಿ ಮಕ್ಕಳ ಹಲ್ಲಿಗೇ ಬೇರೆ ವಿಭಾಗ ಇದೆ. ಅಲ್ಲಿಗೇ ಹೋಗಿ, ಹಾವೇರಿಯಲ್ಲೇ ತೋರಿಸಿ, ಅದೇ ದಿನ ನಿಮ್ಮ ಹೆಸರಿಗೂ ಒಂದು ಚೀಟಿ ಮಾಡಿಸಿ. ಆ ಎರಡು ದವಡೆ ಹಲ್ಲು ತುಂಬಿಸಿಕೊಂಡೇ ಬನ್ನಿ.