ಒಂದು ಮೂಳೆಯಿಂದ ಇಡೀ ಪ್ರಾಣಿ, ಒಬ್ಬಳಿಂದ ಇಡೀ ಜನಾಂಗ

ಆಕೆಗೆ ಮೋರ್ಸಿಂಗ್ ನುಡಿಸಲು ಬರುತ್ತಿತ್ತು. ಡಚ್ ಚೆನ್ನಾಗಿಯೇ ಮಾತಾಡುತ್ತಿದ್ದಳು, ಇಂಗ್ಲಿಷ್ ಒಂದಿಷ್ಟು, ಫ್ರೆಂಚ್ ನಾಲ್ಕು ಮಾತು. ಒಮ್ಮೆ ಕಂಡವರನ್ನು ತಿಂಗಳಾದ ಮೇಲೂ ಗುರುತು ಹಿಡಿಯುತ್ತಿದ್ದಳು. ಕೈಗಳು ಬಲು ಚೆಂದ. ಇಷ್ಟನ್ನೂ ಬರೆದಿಟ್ಟವನು ಫ್ರಾನ್ಸಿನ ಪ್ರಾಣಿವಿಜ್ಞಾನಿ ಜಾರ್ಜ್ ಕುವಿಯೇ. ಆಕೆಯ ಕಿವಿ ಕೋತಿಗಳ ಕಿವಿಯಂತಿದೆ, ತುಟಿ ಮುಂದೆ ಚಾಚುವ ರೀತಿ ಒರಾಂಗುಟಾನಿನಂತಿದೆ ಎಂದು ಬರೆದವನೂ ಅವನೇ, ಅದೇ ಬರಹದಲ್ಲಿ.

ಆಕೆ ಸಾರಾ ಬಾರ್ಟ್‌ಮನ್, ದಕ್ಷಿಣ ಆಫ್ರಿಕಾದ ಖೊಯ್‌ಖೊಯ್ ಜನಾಂಗದವಳು. 1810ರಲ್ಲಿ ಲಂಡನ್ನಿಗೆ ಕರೆತಂದು, ಎರಡು ಶಿಲ್ಲಿಂಗ್ ಟಿಕೆಟ್ ಇಟ್ಟು, 'ಹಾಟೆಂಟಾಟ್ ವೀನಸ್' ಎಂದು ಪಿಕಡಿಲಿಯಲ್ಲಿ ತೋರಿಸಿದರು (ಹಾಟೆಂಟಾಟ್ ಅನ್ನುವುದು ಖೊಯ್‌ಖೊಯ್‌ರಿಗೆ ಯುರೋಪಿಯನ್ನರು ಇಟ್ಟ ಹೀನಾಯದ ಹೆಸರು). ದಪ್ಪ ನಿತಂಬವೇ ಪ್ರದರ್ಶನದ ಸರಕು. ನೋಡಲು ಬಂದ ಹೆಂಗಸೊಬ್ಬಳು ಇದು ನಿಜವಾದ ಮೈಯೇ ಎಂದು ಕೊಡೆಯ ತುದಿಯಿಂದ ಚುಚ್ಚಿ ನೋಡಿದಳಂತೆ. ಗುಲಾಮಗಿರಿಯ ವಿರೋಧಿಗಳು ಕೋರ್ಟಿಗೆ ಹೋದರು, ಕೇಸು ನಿಲ್ಲಲಿಲ್ಲ. 1814ರಲ್ಲಿ ಪ್ಯಾರಿಸ್ಸಿಗೆ ಹೋದ ಮೇಲೆ ಆಕೆಯನ್ನು ಕುಣಿಸಿದವನ ಕಸುಬು ಪ್ರಾಣಿಗಳನ್ನು ಪಳಗಿಸುವುದು. 1815ರ ಕೊನೆಯಲ್ಲಿ ಆಕೆ ಸತ್ತಳು. ಕುವಿಯೇ ಮೈಯ ಅಚ್ಚು ತೆಗೆಸಿದ, ಹೆಣ ಕುಯ್ದ, ಮಿದುಳು ಮತ್ತು ಜನನಾಂಗಗಳನ್ನು ಜಾಡಿಗೆ ಹಾಕಿಟ್ಟ. ಅಸ್ಥಿಪಂಜರ 1974ರವರೆಗೂ ಪ್ಯಾರಿಸ್ಸಿನ ಮ್ಯೂಸಿಯಂನಲ್ಲಿ ನಿಂತಿತ್ತು.

ಈ ಕಥೆ ಹೇಳಿದಾಗಲೆಲ್ಲ ಯಾರಾದರೊಬ್ಬರು 'ಪಾಪ, ಆಗ ವಿಜ್ಞಾನ ಇರಲಿಲ್ಲವಲ್ಲ' ಅನ್ನುತ್ತಾರೆ. ನನಗೆ ತಲೆ ಕೆಡುವುದು ಅಲ್ಲಿಯೇ. ಕುವಿಯೇ ಯಾವ ಮಾಟಗಾರನೂ ಅಲ್ಲ. ಜೀವಿಗಳು ಪೂರಾ ನಿರ್ನಾಮವಾಗಬಲ್ಲವು ಎಂದು ಜಗತ್ತಿಗೆ ತೋರಿಸಿಕೊಟ್ಟವನು ಅವನು. ಹಲ್ಲು ಚೂಪಾಗಿದ್ದರೆ ಉಗುರೂ ಚೂಪು, ಕರುಳು ಮಾಂಸ ಅರಗಿಸುವ ಕರುಳು. ಒಂದು ಅಂಗ ಕಂಡರೆ ಉಳಿದದ್ದನ್ನೆಲ್ಲ ಊಹಿಸಬಹುದು ಎಂಬುದು ಅವನ ದೊಡ್ಡ ಹೆಮ್ಮೆ. ಪ್ಯಾರಿಸ್ಸಿನ ಮಾಂಟ್‌ಮಾರ್ಟರ್‌ನ ಜಿಪ್ಸಂ ಕಲ್ಲಿನಲ್ಲಿ ಒಂದು ಪುಟ್ಟ ಪಳೆಯುಳಿಕೆ ಸಿಕ್ಕಿತ್ತು. ಹಲ್ಲು ನೋಡಿ, 'ಇದು ಹೊಟ್ಟೆಚೀಲದ ಪ್ರಾಣಿ, ಕಲ್ಲು ಕೆತ್ತಿದರೆ ಸೊಂಟದ ಹತ್ತಿರ ಅದಕ್ಕೆ ತಕ್ಕ ಎರಡು ಮೂಳೆ ಇರಬೇಕು' ಅಂದ. ಸಾಕ್ಷಿಗಳ ಮುಂದೆ ಸೂಜಿಯಿಂದ ಕೆದಕಿದ. ಎರಡೂ ಮೂಳೆ ಇದ್ದವು!

ಹೀಗೆ ಗೆದ್ದವನಿಗೆ ಒಂದು ದೇಹದಲ್ಲಿ ಇಡೀ ಜನಾಂಗವೇ ಕಂಡರೆ ಅಚ್ಚರಿಯೇನು? ಹಲ್ಲಿನಿಂದ ಪ್ರಾಣಿ ಯಾವ ಬಗೆಯದೆಂದು ಹೇಳಬಹುದು, ನಿಜ. ಆದರೆ ಒಂದೇ ಪ್ರಭೇದದ ಒಳಗೆ ಇಳಿದರೆ ಆ ಸೂತ್ರ ಕೈಕೊಡುತ್ತದೆ. ನಿಮ್ಮ ಊರಿನ ಯಾರೋ ಒಬ್ಬರನ್ನು ಅಳೆದು 'ಕನ್ನಡಿಗರ ಮೂಗು ಇಷ್ಟುದ್ದ' ಅಂದರೆ ನೀವು ನಗುವುದಿಲ್ಲವೇ? ಅದರಲ್ಲೂ ಸಾರಾ ಯಾರೋ ಒಬ್ಬಳಾಗಿರಲಿಲ್ಲ. ನೋಡುವವರು ಬೆರಗಾಗಲಿ, ಕಾಸು ಬೀಳಲಿ ಎಂದು ದಂಧೆಯವರು ಆರಿಸಿ ತಂದವಳು. ಆರಿಸಿದ್ದು ಟಿಕೆಟ್ ಮಾರುವವನು, ಸಿದ್ಧಾಂತ ಕಟ್ಟಿದ್ದು ವಿಜ್ಞಾನಿ.

ಈ ಜೋಡಿ ಆಮೇಲೂ ಬಿಡಲಿಲ್ಲ. ಹ್ಯಾಂಬರ್ಗಿನ ಪ್ರಾಣಿ ವ್ಯಾಪಾರಿ ಕಾರ್ಲ್ ಹ್ಯಾಗನ್‌ಬೆಕ್ 1870ರ ದಶಕದಲ್ಲಿ ಪ್ರಾಣಿಗಳ ಜೊತೆ ಸುಡಾನಿನ ನುಬಿಯನ್ನರನ್ನೂ ಊರೂರು ತಿರುಗಿಸಿದ. ಅವರು ಪ್ಯಾರಿಸ್ಸಿಗೆ ಬಂದಾಗ ಅಲ್ಲಿನ ಮಾನವಶಾಸ್ತ್ರಜ್ಞರು ತಲೆ, ಮೂಗು ಅಳೆಯುವ ಕ್ಯಾಲಿಪರ್ ಹಿಡಿದು ಓಡಿದರು. (ಆ ಶತಮಾನ ಮುಗಿಯುವಾಗ ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ನಮ್ಮ ಕಡೆಯ ಜಾತಿಗಳ ಮೂಗು ಅಳೆದದ್ದೂ ಇಂಥದೇ ಉಪಕರಣದಿಂದ.) 1897ರಲ್ಲಿ ಬೆಲ್ಜಿಯಂನ ಟೆರ್ವ್ಯೂರೆನ್‌ನಲ್ಲಿ 267 ಕಾಂಗೋ ಜನರನ್ನು 'ಹಳ್ಳಿ' ಕಟ್ಟಿ ಕೂರಿಸಿದರು, ಏಳು ಮಂದಿ ಅಲ್ಲೇ ತೀರಿಕೊಂಡರು.

1906ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಕೋತಿಮನೆಯಲ್ಲಿ ಒಂದು ಫಲಕ ತೂಗುಹಾಕಿದ್ದರು. ಹೆಸರು ಓಟಾ ಬೆಂಗಾ, ವಯಸ್ಸು 23, ಎತ್ತರ 4 ಅಡಿ 11 ಅಂಗುಲ, ತೂಕ 103 ಪೌಂಡ್, ತಿಂಗಳಿಡೀ ಮಧ್ಯಾಹ್ನ ಪ್ರದರ್ಶನ. ಜೊತೆಗಾರ ಒಂದು ಒರಾಂಗುಟಾನ್. ಕಾಂಗೋದ ಆತನ ಹಲ್ಲುಗಳನ್ನು ಅಲಂಕಾರಕ್ಕೆಂದು ಅರದಿಂದ ಚೂಪು ಮಾಡಿದ್ದರು. ಜನಕ್ಕೆ ಅದು ನರಭಕ್ಷಕನ ಹಲ್ಲಾಗಿ ಕಂಡಿತು. ಕಪ್ಪು ಪಾದ್ರಿಗಳು ಗಲಾಟೆ ಎಬ್ಬಿಸಿ ಬಿಡಿಸಿದರು. ಈ ಪ್ರದರ್ಶನ ಡಾರ್ವಿನ್‌ನ ವಿಕಾಸವಾದವನ್ನು ಸಾಬೀತು ಮಾಡಲಿಕ್ಕೆಂದೇ ಎಂದುಕೊಂಡ ಅವರ ಮುಖಂಡ ಜೇಮ್ಸ್ ಗಾರ್ಡನ್‌ಗೆ ಡಾರ್ವಿನ್ ಮೇಲೂ ಸಿಟ್ಟಿತ್ತು. ಸಿಟ್ಟು ನ್ಯಾಯವೇ, ತಪ್ಪು ವಿಳಾಸಕ್ಕೆ ಹೋಯಿತು ಅಷ್ಟೆ: ಮನುಷ್ಯರ 'ಜನಾಂಗ'ಗಳು ಒಂದರೊಳಗೊಂದು ಕರಗುತ್ತವೆ, ನಡುವೆ ಗೆರೆ ಎಳೆಯಲಾಗದು ಎಂದು 1871ರಲ್ಲೇ ಬರೆದವನು ಡಾರ್ವಿನ್. ಓಟಾ ಬೆಂಗಾ ವರ್ಜೀನಿಯಾದ ತಂಬಾಕು ಕಾರ್ಖಾನೆಯಲ್ಲಿ ಕೆಲಸ ಮಾಡಿ, 1916ರಲ್ಲಿ ಗುಂಡು ಹಾರಿಸಿಕೊಂಡು ಸತ್ತ. ಮೃಗಾಲಯ ನಡೆಸುವ ಸಂಸ್ಥೆ ಕ್ಷಮೆ ಕೇಳಿದ್ದು 2020ರಲ್ಲಿ.

ಈಗ ನನಗೆ ಇಷ್ಟವಾದ ಭಾಗ. ಒಂದು ಕಣಜದಲ್ಲಿ ನೂರು ತಳಿಯ ಭತ್ತ ಬೆರೆತಿದೆ ಅನ್ನಿ. ಮದುವೆಯಾಗಿ ಹೋಗುವ ಮಗಳಿಗೆ ಒಂದು ಬೊಗಸೆ ಬೀಜ ಕೊಟ್ಟರು. ನಲವತ್ತು ತಳಿ ಹೋಗಿರಬಹುದು. ಅವಳಿಂದ ನಾದಿನಿಗೆ ಒಂದು ಹಿಡಿ, ಹದಿನೈದು ತಳಿ. ದೂರ ಹೋದಷ್ಟೂ ಬಗೆ ಕಮ್ಮಿ. ಭತ್ತ ಬೇಡವೇ? ಹಾಡು ತಗೊಳ್ಳಿ. ಊರಿನ ಅಜ್ಜಿಯರಿಗೆಲ್ಲ ಸೇರಿ ಮುನ್ನೂರು ಬೀಸುವ ಪದ ಬರುತ್ತವೆ. ಊರು ಬಿಟ್ಟ ಮೊಮ್ಮಗಳು ಇಪ್ಪತ್ತು ಕಲಿತು ಹೋದಳು, ಅವಳ ಮಕ್ಕಳಿಗೆ ಆರು ಸಿಕ್ಕವು. ನಮ್ಮ ಕಣಜ ಆಫ್ರಿಕಾ. ಲಕ್ಷಗಟ್ಟಲೆ ವರ್ಷ ಮನುಷ್ಯ ಅಲ್ಲಿ ಬೆಳೆದ, ಕವಲೊಡೆದ, ಬೆರೆತ. ಹೊರಬಿದ್ದು ಏಷ್ಯಾ, ಯುರೋಪ್ ತುಂಬಿದ ನಮ್ಮ ಪೂರ್ವಜರು ಬಹುಪಾಲು ಒಂದು ಬೊಗಸೆ ಬೀಜ. ನೀವೂ ನಾನೂ ಪ್ಯಾರಿಸ್ಸಿನವರೂ ಆ ಬೊಗಸೆಯ ಬೆಳೆಯೇ.

2010ರಲ್ಲಿ ದಕ್ಷಿಣ ಆಫ್ರಿಕಾದ ಕಡೆಯ ಕೆಲವರ ಡಿಎನ್‌ಎ ಓದಿದರು. ಅವರಲ್ಲಿದ್ದ ಸ್ಯಾನ್ ಜನ, ಅಂದರೆ ಖೊಯ್‌ಖೊಯ್‌ರ ಹತ್ತಿರದ ನಂಟರು, ಇಬ್ಬಿಬ್ಬರನ್ನು ಹೋಲಿಸಿದರೆ ಸರಾಸರಿಯಲ್ಲಿ ಒಬ್ಬ ಯುರೋಪಿಯನ್‌ಗೂ ಒಬ್ಬ ಏಷ್ಯನ್‌ಗೂ ಇರುವ ವ್ಯತ್ಯಾಸಕ್ಕಿಂತ ಹೆಚ್ಚು ವ್ಯತ್ಯಾಸ ಕಂಡಿತು. ಒಬ್ಬರನ್ನು ನಿಲ್ಲಿಸಿ 'ಇದು ಈ ಜನಾಂಗದ ಮಾದರಿ' ಎನ್ನಲು ಭೂಮಿಯ ಮೇಲೆ ಎಲ್ಲರಿಗಿಂತ ಕಷ್ಟದ ಜನರಲ್ಲಿ ಕುವಿಯೇ ಕೈಹಾಕಿದ್ದ.

ಸಾರಾಳನ್ನು ಕಳಿಸಿಕೊಡಲು ಫ್ರಾನ್ಸ್ 2002ರಲ್ಲಿ ಹೊಸ ಕಾನೂನನ್ನೇ ಮಾಡಬೇಕಾಯಿತು. ಆ ವರ್ಷ ಆಗಸ್ಟ್ 9ರಂದು ದಕ್ಷಿಣ ಆಫ್ರಿಕಾದ ಗ್ಯಾಮ್ಟೂಸ್ ಕಣಿವೆಯ ಹ್ಯಾಂಕಿಯಲ್ಲಿ ಆಕೆಯನ್ನು ಮಣ್ಣು ಮಾಡಿದರು. 2010ರಲ್ಲಿ ಡಿಎನ್‌ಎ ಕೊಟ್ಟವರಲ್ಲಿ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಕೂಡ ಇದ್ದರು. ಅವರ ತಾಯಿಯ ಕಡೆಯ ಎಳೆ ಹಿಡಿದು ಹಿಂದಕ್ಕೆ ಹೋದರೆ, ಅದು ಸ್ಯಾನ್ ಜನರ ಬಳಿಗೇ ಹೋಗಿ ಮುಟ್ಟುತ್ತಿತ್ತು.