ತಪ್ಪಿದ ಸಂಖ್ಯೆಯ ಹಿಂದೆ ಹೋಗಬೇಡಿ

ಖಿನ್ನತೆಗೆಂದು ಕಂಪ್ಯೂಟರಿನಲ್ಲಿ ಕಾಗ್ನಿಟಿವ್ ಟ್ರೇನಿಂಗ್, ಅಂದರೆ ಗಮನ, ನೆನಪನ್ನು ಪಳಗಿಸುವ ಅಭ್ಯಾಸ, ಶುರು ಮಾಡಿದ ಮನೆಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಒಂದೇ: ‘ಎಷ್ಟು ಪರ್ಸೆಂಟ್ ಬಂತು?’ ಮಗ ಮೂವತ್ತು ದಾಟಿ ವೈಟ್‌ಫೀಲ್ಡಿನಲ್ಲಿ ಟೀಮ್ ನಡೆಸುತ್ತಿದ್ದರೂ ಅಪ್ಪನಿಗೆ ಅದು ಪಿಯುಸಿ ಮಾರ್ಕ್ಸ್ ಕಾರ್ಡೇ. 94 ಅಂದರೆ ಮನೆಯಲ್ಲಿ ಕೇಸರಿಬಾತ್. 52 ಅಂದರೆ ಯಾರೂ ಮಾತಾಡುವುದಿಲ್ಲ. ಅಭ್ಯಾಸ ಮಾಡಿಸುವ ನಮ್ಮ ಕಡೆಯಿಂದ ನೋಡಿದರೆ ಇದು ತಿರುವುಮುರುವು. 52 ಬಂದವರು ಅಭ್ಯಾಸ ಮಾಡಿದ್ದಾರೆ, 94 ಬಂದವರು ಬಹುತೇಕ ಏನೋ ಕಿತಾಪತಿ ಮಾಡಿದ್ದಾರೆ.

ಯಾಕೆಂದು ತಿಳಿಯಲು ಅಭ್ಯಾಸದ ಒಳಗೇ ಇಳಿಯಬೇಕು. ಖಿನ್ನತೆಯ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬಳಕೆಯಾಗಿರುವುದು ಪಾಸಾಟ್ (PASAT) ಎಂಬ, ಅಂಕಿ ಕೇಳಿ ಕೂಡಿಸುವ ಪರೀಕ್ಷೆ. ತಲೆಗೆ ಪೆಟ್ಟು ಬಿದ್ದವರ ಚೇತರಿಕೆ ಅಳೆಯಲು ನ್ಯೂಜಿಲೆಂಡಿನ ಡೊರೊಥಿ ಗ್ರಾನ್‌ವಾಲ್ 1977ರಲ್ಲಿ ಇದನ್ನು ಪರೀಕ್ಷೆಯಾಗಿ ಮುಂದಿಟ್ಟರು. ಆಮೇಲೆ ಅದೇ ಅಭ್ಯಾಸವಾಗಿಯೂ ಬಳಕೆಗೆ ಬಂತು. ಕಿವಿಗೆ ಒಂದೊಂದೇ ಅಂಕಿ ಬೀಳುತ್ತದೆ. ಈಗ ಕೇಳಿದ್ದನ್ನು ಅದರ ಹಿಂದೆ ಕೇಳಿದ್ದಕ್ಕೆ ಕೂಡಿಸಿ ಉತ್ತರ ಒತ್ತಬೇಕು. ಮೂರು, ಐದು ಎಂದು ಕೇಳಿತು: ಉತ್ತರ ಎಂಟು. ಮುಂದೆ ಏಳು ಬಂತು. ಈಗ ಉತ್ತರ ಹನ್ನೆರಡು, ಐದಕ್ಕೆ ಏಳು. ಆದರೆ ನಾಲಗೆಯ ತುದಿಯಲ್ಲಿರುವುದು ನೀವೇ ಈಗಷ್ಟೇ ಹೇಳಿದ ಎಂಟು, ಹಾಗಾಗಿ ಕೈ ಹದಿನೈದಕ್ಕೆ ಹೋಗುತ್ತದೆ. ಸ್ವಂತ ಉತ್ತರವನ್ನು ಅಳಿಸಿ, ಕೇಳಿದ ಅಂಕಿಯನ್ನು ಮಾತ್ರ ಹಿಡಿದಿಡುವುದೇ ಇಲ್ಲಿನ ಕಷ್ಟ. ಕೂಡುವ ಲೆಕ್ಕ ಒಂದನೇ ಕ್ಲಾಸಿನದು.

ತರಬೇತಿಗೆ ಬಳಸುವ ಆವೃತ್ತಿಯಲ್ಲಿ ಅಂಕಿಗಳ ನಡುವಿನ ಅಂತರ ಸಾಮಾನ್ಯವಾಗಿ 3 ಸೆಕೆಂಡಿನಿಂದ ಶುರುವಾಗುತ್ತದೆ. ಸತತ 4 ಉತ್ತರ ಸರಿಯಾದರೆ ಅಂತರ 0.1 ಸೆಕೆಂಡ್ ಕಡಿಮೆಯಾಗುತ್ತದೆ, ಸತತ 4 ತಪ್ಪಿದರೆ ಅಷ್ಟೇ ಹೆಚ್ಚುತ್ತದೆ. ಈ ನಿಯಮವನ್ನು ದಯವಿಟ್ಟು ಇನ್ನೊಮ್ಮೆ ಓದಿ. ನೀವು ಚುರುಕಾದಂತೆ ಯಂತ್ರವೂ ಚುರುಕಾಗುತ್ತದೆ, ಸೋತಾಗ ತಾನೂ ನಿಧಾನಿಸುತ್ತದೆ. ಹೀಗಿರುವಾಗ ಐಐಎಸ್‌ಸಿ ಪ್ರೊಫೆಸರ್ ಕೂತರೂ, ಹತ್ತನೇ ಕ್ಲಾಸಿಗೆ ಓದು ಬಿಟ್ಟವರು ಕೂತರೂ ಸರಿ-ತಪ್ಪು ಅರ್ಧಕ್ಕರ್ಧದ ಆಸುಪಾಸಿಗೇ ಬಂದು ನಿಲ್ಲುತ್ತದೆ. ಅದನ್ನು ಹಾಗೆಯೇ ಕಟ್ಟಿದ್ದಾರೆ. ಆದ್ದರಿಂದ ಪರ್ಸೆಂಟ್ ನೋಡಿ ಪ್ರಯೋಜನವಿಲ್ಲ. ನೋಡಬೇಕಾದ್ದು ಆ ಸಲ ಕೂತಾಗ ಅಂತರ ಎಷ್ಟರ ಸುತ್ತ ಓಡಾಡಿತು ಎನ್ನುವುದನ್ನು. ಮೊದಲ ದಿನ 2.8 ಇದ್ದದ್ದು ಎರಡು ವಾರಕ್ಕೆ 2.2ಕ್ಕೆ ಇಳಿದರೆ ಅದು ಪ್ರಗತಿ, ತಪ್ಪುಗಳ ಪ್ರಮಾಣ ಅಷ್ಟೇ ಇದ್ದರೂ.

ಹಾಗಾದರೆ 94 ಎಲ್ಲಿಂದ ಬರುತ್ತದೆ? ಕೇಳಿದ ಅಂಕಿಗಳನ್ನು ಹಾಳೆಯ ಮೇಲೆ ಬರೆದುಕೊಂಡಿರುತ್ತಾರೆ. ವೇಗ ತಾನಾಗಿ ಬದಲಾಗುವ ಸೆಟ್ಟಿಂಗ್ ಆಫ್ ಮಾಡಿರುತ್ತಾರೆ. ಕಷ್ಟವಾದಾಗಲೆಲ್ಲ ಪಾಸ್ ಒತ್ತಿರುತ್ತಾರೆ. ಇಲ್ಲವೇ ಅಮ್ಮ ಹಿಂದೆ ನಿಂತು ‘ಹನ್ನೆರಡು ಕಣೋ’ ಎಂದು ಪಿಸುಗುಟ್ಟಿರುತ್ತಾರೆ. ಅಮ್ಮನ ಮೇಲೆ ಸಿಟ್ಟು ಬರುವುದಿಲ್ಲ. ತಿಂಗಳುಗಟ್ಟಲೆ ಮಂಕಾಗಿ ಮಲಗಿದ್ದ ಮಗ ಒಂದಾದರೂ ಕಡೆ ಗೆಲ್ಲಲಿ ಎಂಬ ಆಸೆ ಅದು. ಆದರೂ ಅಮ್ಮಾ, ನೀವು ಅಡುಗೆಮನೆಯಲ್ಲೇ ಇರಿ.

ತಪ್ಪುವುದು ಯಾಕೆ ಬೇಕೆಂದರೆ, ಖಿನ್ನತೆ ಇರುವವರನ್ನು ತಪ್ಪು ಬೇರೆ ರೀತಿ ಹಿಡಿಯುತ್ತದೆ. ಒಂದು ಉತ್ತರ ಕೈಬಿಟ್ಟಿತು. ತಕ್ಷಣ ಮನಸ್ಸು ‘ನನ್ನಿಂದ ಇಷ್ಟೂ ಆಗಲ್ಲ’ ಎನ್ನುತ್ತದೆ, ಅದರ ಬಾಲ ಹಿಡಿದು ಕಳೆದ ವರ್ಷದ ಅಪ್ರೈಸಲ್, ಮುರಿದುಹೋದ ಮದುವೆ ಮಾತುಕತೆ ಎಲ್ಲ ಸಾಲಾಗಿ ಬರುತ್ತವೆ. ಅಷ್ಟರಲ್ಲಿ ಇನ್ನೂ ಮೂರು ಅಂಕಿ ದಾಟಿಹೋಗಿರುತ್ತವೆ. ಆ ಗಳಿಗೆಯಲ್ಲಿ ತಪ್ಪಿದ್ದನ್ನು ಬಿಟ್ಟು, ಈಗ ಕಿವಿಗೆ ಬಿದ್ದ ಅಂಕಿಯನ್ನು ಹಿಡಿದು, ಅದರ ಮುಂದಿನದಕ್ಕೆ ಕಾಯಬೇಕು. ಅಭ್ಯಾಸ ಎನ್ನುವುದು ಅದೇ. ಗಮನವನ್ನು ಹೀಗೆ ಮತ್ತೆ ಮತ್ತೆ ಎಳೆದು ತರುವುದರಿಂದ ಮಿದುಳಿನ ಮುಂಭಾಗದ ಹತೋಟಿ ಬಲವಾಗಿ, ಕೊರಗನ್ನು ಮೆಲುಕು ಹಾಕುವ ಚಾಳಿ ಸಡಿಲವಾಗಬಹುದು ಎಂಬುದು ಇದರ ಹಿಂದಿನ ತರ್ಕ. ತಪ್ಪೇ ಬರದಂತೆ ಏರ್ಪಾಡು ಮಾಡಿಕೊಂಡರೆ ಅಭ್ಯಾಸ ಮಾಡಲು ಏನೂ ಉಳಿಯುವುದಿಲ್ಲ.

‘ಆಗಬಹುದು’ ಎಂದು ಬೇಕೆಂದೇ ಬರೆದೆ. 2007ರಲ್ಲಿ ಪಿಟ್ಸ್‌ಬರ್ಗ್‌ನ ಗ್ರೆಗ್ ಸೀಗಲ್ ತಂಡ ಇದನ್ನು ಎರಡು ವಾರದಲ್ಲಿ 6 ಬಾರಿ ಮಾಡಿಸಿದ್ದು ಮಾಮೂಲಿ ಚಿಕಿತ್ಸೆಯ ಜೊತೆಗೆ, ಅದರ ಬದಲಿಗಲ್ಲ. 2016ರಲ್ಲಿ ಇಂಥ ಕಂಪ್ಯೂಟರ್ ತರಬೇತಿಗಳ 9 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ ಖಿನ್ನತೆಯ ಲಕ್ಷಣಗಳ ಮೇಲೆ ಸಿಕ್ಕ ಪರಿಣಾಮ ಸಾಧಾರಣ: ಇದೆ, ಆದರೆ ದೊಡ್ಡದಲ್ಲ. ಬೆಲ್ಜಿಯಂನ ಗೆಂಟ್‌ನಲ್ಲಿ ಖಿನ್ನತೆಯಿಂದ ಚೇತರಿಸಿಕೊಂಡವರಿಗೆ ಮನೆಯಲ್ಲೇ 10 ಬಾರಿ ಮಾಡಿಸಿದಾಗ ಕೊರಗುವುದು ಕಡಿಮೆಯಾದದ್ದು ಕಂಡಿತು. ಮನಸ್ಸು ಹಗುರಾದ ಮೇಲೂ ‘ತಲೆ ಓಡ್ತಿಲ್ಲ’ ಎನ್ನುವವರು ಬಹಳ ಮಂದಿ. ಇದನ್ನು ಧೈರ್ಯವಾಗಿ ಸೂಚಿಸುವುದು ಅಂಥವರಿಗೇ. ಇನ್ನು ಜಾಹೀರಾತಿನ ಬ್ರೇನ್ ಗೇಮ್‌ಗಳ ವಿಷಯ ಬೇರೆ. ಆಧಾರವಿಲ್ಲದ ಭರವಸೆ ಕೊಟ್ಟಿದ್ದಕ್ಕೆ 2016ರಲ್ಲಿ ಲುಮಾಸಿಟಿ ಕಂಪನಿ ಅಮೆರಿಕದಲ್ಲಿ 20 ಲಕ್ಷ ಡಾಲರ್ ಕಟ್ಟಬೇಕಾಯಿತು.

ಮಾಡುವ ಕ್ರಮದಲ್ಲೂ ಎಡವುತ್ತಾರೆ. ಮೆಟ್ರೋದಲ್ಲಿ ನೇತಾಡುತ್ತಾ ಮೊಬೈಲಿನಲ್ಲಿ ಮಾಡುವುದು ಬೇಡ. ಲ್ಯಾಪ್‌ಟಾಪ್, ಮೇಜು, ವೈರ್ ಇರುವ ಇಯರ್‌ಫೋನ್ ಇರಲಿ. ಕೆಲವು ಬ್ಲೂಟೂತ್ ಇಯರ್‌ಫೋನ್‌ಗಳಲ್ಲಿ ಸದ್ದು ತಡವಾಗಿ ಬಂದು, ನೀವು ಸರಿಯಾಗಿ ಒತ್ತಿದ್ದೂ ತಪ್ಪಾಗುತ್ತದೆ. ಒಮ್ಮೆಗೆ 15-20 ನಿಮಿಷ ಸಾಕು, ದಿನ ಬಿಟ್ಟು ದಿನವಾದರೂ ಸರಿ. ಭಾನುವಾರ ಒಂದೇ ಕೂರಿಕೆಯಲ್ಲಿ ವಾರದ ಬಾಕಿ ತೀರಿಸಬೇಡಿ. ಅಂಕಿಗಳ ಧ್ವನಿ ನೀವು ಮಗ್ಗಿ ಕಲಿತ ಭಾಷೆಯಲ್ಲಿರಲಿ. ಕನ್ನಡದಲ್ಲಿ ಮಗ್ಗಿ ಬಾಯಿಪಾಠ ಮಾಡಿದವರು ‘ಸೆವೆನ್’ ಕೇಳಿ, ಏಳು ಮಾಡಿಕೊಂಡು, ಆಮೇಲೆ ಕೂಡಿಸುವ ಹೊತ್ತಿಗೆ ಅರ್ಧ ಸಮಯ ಹೋಗಿರುತ್ತದೆ. ರಾತ್ರಿ ಆತಂಕ, ನಿದ್ದೆಗೆಂದು ಕೊಟ್ಟ ಕ್ಲೋನಾಜೆಪಾಮ್ ನುಂಗಿದ ಮೇಲೆ ಕೂರಬೇಡಿ, ಆ ಮಾತ್ರೆಯೇ ಗಮನ, ನೆನಪನ್ನು ಮಂದ ಮಾಡುತ್ತದೆ. ಹಾಗೆಂದು ಅಭ್ಯಾಸಕ್ಕೋಸ್ಕರ ಮಾತ್ರೆ ನಿಲ್ಲಿಸಿದರೆ ಅದು ದೊಡ್ಡ ಅಪಾಯ. ಸಮಯ ಬದಲಿಸಿ, ಮಾತ್ರೆಯನ್ನಲ್ಲ. ಥೈರಾಯ್ಡ್, ಬಿ12 ಕಡಿಮೆಯಾದರೂ ತಲೆ ಮಂಕಾಗುತ್ತದೆ, ಅವುಗಳ ಪರೀಕ್ಷೆ ಮಾಡಿಸದೇ ಇದ್ದರೆ ಅದು ಮೊದಲು.

ಶುರು ಮಾಡುವ ಮುನ್ನ ದಿನದ ಕೆಲಸವೊಂದನ್ನು ಅಳತೆಗೆ ಆರಿಸಿಕೊಳ್ಳಿ. ಕುಕ್ಕರಿನ ಮೂರು ವಿಷಲ್ ಲೆಕ್ಕ ತಪ್ಪದೇ ಇಡುವುದಾದರೂ ಆದೀತು, ಮೀಟಿಂಗಿನಲ್ಲಿ ಹೇಳಿದ್ದನ್ನು ಇನ್ನೊಬ್ಬರಿಂದ ಮತ್ತೆ ಕೇಳಿಸಿಕೊಳ್ಳದೇ ಮುಗಿಸುವುದಾದರೂ ಆದೀತು. ಪರದೆಯ ಮೇಲೆ ವೇಗ ಹೆಚ್ಚಿ ಕುಕ್ಕರ್ ಹಾಗೇ ಸೀಯುತ್ತಿದ್ದರೆ ನೀವು ಕಲಿತದ್ದು ಆ ಆಟವನ್ನು ಮಾತ್ರ, ಆಗ ಯೋಜನೆ ಬದಲಿಸಬೇಕಾಗುತ್ತದೆ. ಮನಸ್ಸಿನ ಸ್ಥಿತಿಗೆ ಎರಡು ವಾರಕ್ಕೊಮ್ಮೆ ಪಿಎಚ್‌ಕ್ಯೂ-9 ಎಂಬ, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ತುಂಬಿ, ಅದು ಕನ್ನಡದಲ್ಲೂ ಇದೆ. ಒಟ್ಟು 27ರಲ್ಲಿ 5 ಅಂಕ ಇಳಿದರೆ ನಿಜವಾದ ಬದಲಾವಣೆ ಎಂದುಕೊಳ್ಳಬಹುದು. ಒಂದೆರಡು ಅಂಕದ ಏರಿಳಿತಕ್ಕೆ ಅರ್ಥ ಹುಡುಕಬೇಡಿ. ಸಾಯುವ ಯೋಚನೆಯ ಬಗ್ಗೆ ಕೇಳುವ 9ನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಏನೇ ಉತ್ತರ ಬಂದರೂ ಲ್ಯಾಪ್‌ಟಾಪ್ ಮುಚ್ಚಿ, ಅವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.